ಇಪ್ಪತ್ತು ಮಿಲ್ಲಿಯ ಬಿಲ್ಲೆ

ಮೊದಲು ಅಳತೆ ಹೇಳಿಬಿಡುತ್ತೇನೆ:
ದಪ್ಪ ಇಪ್ಪತ್ತು ಮಿಲ್ಲಿ. ತೂತು ನಾಲ್ಕು.
ನಡುಗಂಡಿ, ಹಬ್ಬಿನ ಕುತ್ತಿಗೆಗೆ ಕೂತರೆ
ಕೂದಲೆಳೆಯೂ ಮಧ್ಯೆ ತೂರಬಾರದು.
ಅಲ್ಯುಮಿನಿಯಂ ದಿಮ್ಮಿಯನ್ನು ಲೇತಿಗೆ ಕಚ್ಚಿಸಿ
ಉಳಿ ತಾಗಿಸಿದರೆ ಬಿಳೀ ಸಿಪ್ಪೆ
ಸುರುಳಿ ಬಿಡುತ್ತ ಕಾಲ ಬುಡಕ್ಕೆ.
ಇಪ್ಪತ್ತೆಂಟು ವರ್ಷ ಇದೇ ಸಿಪ್ಪೆ ಗುಡಿಸಿದ್ದೇನೆ
ವರ್ಕೌಸಿನ ಕಾಗದದ ಗಿರಣಿಯ ರಿಪೇರಿ ಶೆಡ್ಡಿನಲ್ಲಿ.
ತೆಲ್ಲೆರ್ವೊ ಕಡೆದದ್ದು ಅಂದರೆ
ಯಾರೂ ಮತ್ತೆ ಅಳೆದು ನೋಡುತ್ತಿರಲಿಲ್ಲ,
ನಮ್ಮಣ್ಣ ಉರ್ಪೊ ಒಬ್ಬನ ಹೊರತು.

ಡಾಟ್ಸನ್ ಅವನದು. ಸಾಸಿವೆ ಬಣ್ಣ.
ಎಪ್ಪತ್ತೊಂಬತ್ತರಲ್ಲಿ ಮೂರು ತಿಂಗಳ ಸಂಬಳ ಸುರಿದು
ಅಗಲದ ಚಕ್ರ ತರಿಸಿದ. ಕಟ್ಟಿದ. ತಿರುಗಿಸಿದ.
ಒಳಮೈ ಸ್ಟ್ರಟ್ಟಿಗೆ ಉಜ್ಜಿ
ಬೆಕ್ಕಿನ ಬಾಲ ತುಳಿದಂಥ ಸದ್ದು.
ನಡುವೆ ಒಂದು ಬಿಲ್ಲೆ ಸಾಕು,
ನಾ ಮಾಡಿಕೊಡುತ್ತೇನೆ ಅಂದೆ.
ಅಂಗಳದ ತುಂಬ ಗೆಳೆಯರಿದ್ದರು.
"ತಂಗಿ ಕಡೆದ ಬಿಲ್ಲೆ ನಂಬಿ
ನೂರರಲ್ಲಿ ಹೋಗುವುದಕ್ಕೆ ನನಗೇನು ಹುಚ್ಚೆ?"
ನಕ್ಕರು. ನಾನೂ ನಕ್ಕೆನೇನೋ.
ಚಕ್ರ ಸೌನಾದ ಅಟ್ಟ ಸೇರಿದವು
ಅಂದಿನ ಪೇಪರಿನಲ್ಲಿ ಸುತ್ತಿಸಿಕೊಂಡು.
ಆಮೇಲೆ ಕ್ರಿಸ್‌ಮಸ್ಸಿಗೊಂದು ಕಾರ್ಡು,
ಬರೀ ಹೆಸರು ಬರೆದದ್ದು.

ಈ ಏಪ್ರಿಲಿನಲ್ಲಿ ಫೋನು:
ಕಣ್ಣಿನ ಡಾಕ್ಟರು ಲೈಸೆನ್ಸು ಕಸಿದರು,
ಗಾಡಿ ನೀನಿಟ್ಟುಕೊ.
ಉಸಿರು ಕೇಳುತ್ತಿತ್ತು ಸ್ವಲ್ಪ ಹೊತ್ತು.
ಅಟ್ಟದ ಮೇಲೆ ಚಕ್ರ ಇವೆ.

ಬಿಲ್ಲೆ ಇಟ್ಟರೆ ಮುಗಿಯಲಿಲ್ಲ, ಗೊತ್ತಿರಲಿ.
ಚಕ್ರ ಹೊರಕ್ಕೆ ಸರಿದಷ್ಟೂ ಬೋಲ್ಟು ಗಿಡ್ಡ.
ಹಳೆಯವನ್ನು ಸುತ್ತಿಗೆಯಲ್ಲಿ ಹೊಡೆದು ಕಳಚಿ
ಉದ್ದದವನ್ನು ಪ್ರೆಸ್ಸಿನಲ್ಲಿ ಕೂರಿಸಿದೆ.
ನಟ್ಟು ಏಳು ಸುತ್ತಾದರೂ ಕಚ್ಚಬೇಕು;
ಎಣಿಸಿದೆ, ಹದಿನಾರು ಸಲ.
ಒಳಗಿನ ಉಜ್ಜಾಟ ನಿಂತು ಹೊರಗಿನದು ಶುರು:
ಮಡ್‌ಗಾರ್ಡಿನ ಅಂಚು ಟೈರಿಗೆ.
ಪಕ್ಕದ ಮನೆ ಹುಡುಗಿಯ ಪೆಸಪಲ್ಲೋ ದಾಂಡು ಇಸಕೊಂಡು
ಟೈರಿಗೂ ತಗಡಿಗೂ ಮಧ್ಯೆ ತುರುಕಿ
ಗಾಡಿಯನ್ನು ಹಿಂದೆ ಮುಂದೆ ನೂಕಿಸಿದೆ;
ಅಂಚು ಲಂಗದ ಮಡಿಕೆಯ ಹಾಗೆ ಒಳಮಗುಚಿತು,
ಬಣ್ಣ ಎರಡು ಕಡೆ ಹಾರಿತು.
ಬೇರಿಂಗಿಗೆ ಹೊರೆ ಹೆಚ್ಚು. ಅದೂ ಗೊತ್ತು.
ತುಂಬಿದ ಬಕೆಟ್ಟನ್ನು
ಕೈ ಚಾಚಿ ಹಿಡಿದು ನೋಡಿ ಬೇಕಾದರೆ.

ಜೂನಿನಲ್ಲಿ ಅವನ ಮನೆ ಮುಂದೆ ಹಾರ್ನ್ ಒತ್ತಿದೆ.
ಅಭ್ಯಾಸಬಲಕ್ಕೆ ಎಡಬಾಗಿಲಿಗೆ ಬಂದ,
ನಾನಿದ್ದೆ,
ಸುತ್ತಿಕೊಂಡು ಬಲಕ್ಕೆ ಹೋದ.
ಐವತ್ತು ಕಿಲೋಮೀಟರಿಗೆ ನಟ್ಟು ಮತ್ತೆ ಬಿಗಿಯಬೇಕು.
ಪಿಯೆಕ್ಸಮಾಕಿಯ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ.
ಪಾನಾ ಕೊಡು ಅಂದ.
ಮೊಣಕಾಲೂರಿ, ಬೆರಳಲ್ಲಿ ತಡಕಿ,
ಒಂದೊಂದೇ ನಟ್ಟಿಗೆ ಹಾಕಿ ಎಳೆದ.
ಟಕ್. ಟಕ್. ಟಕ್.
ನಾಲ್ಕೂ ಮೂಲೆ, ಹದಿನಾರೂ.
ಚಕ್ರದ ಕಡ್ಡಿಗಳ ಸಂದಿಯಲ್ಲಿ ಕೈ ತೂರಿ
ಬಿಲ್ಲೆಯ ಅಂಚಿನ ಮೇಲೆ ಉಗುರು ಓಡಿಸಿದ.
ಎಲ್ಲೂ ತಡೆಯಲಿಲ್ಲ.
"ಒಂದೂ ಅಲುಗಿಲ್ಲ" ಅಂದ,
ನನಗಲ್ಲ, ಚಕ್ರಕ್ಕೆ.

ಹೊಟ್ಟೆಗೆ ಹಾಕಿಕೊ ಅನ್ನುವ ಮಾತು
ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ.
ಕೈ ಒರೆಸಿಕೊಂಡು ಎರಡು ಕಾಫಿ ತಂದ.
ನನ್ನದಕ್ಕೆ ಎರಡು ಚಮಚ ಸಕ್ಕರೆ,
ನಾನು ಸಕ್ಕರೆ ಬಿಟ್ಟೇ ಇಪ್ಪತ್ತು ವರ್ಷ.
ಕುಡಿದೆ.

ಹಿಂದಿರುಗುವಾಗ ಜಲ್ಲಿ ರಸ್ತೆಯ ಗುಂಡಿಯಲ್ಲಿ
ಬಲಗಡೆ ಮುಂದಿನ ಟೈರು ಸರ್ರಂತ ಉಜ್ಜಿತು.
"ಎರಡು ಮಿಲ್ಲಿ ಹೆಚ್ಚಾಯಿತು" ಅಂದ.
"ನೀನು ಎಂಟು ಕಿಲೋ ಹೆಚ್ಚಾದೆ" ಅಂದೆ.